ತಿಳಿದು ಕೊಡಿ

ಸೌದೆಯ ಎರಡು ತುಂಡುಗಳನ್ನು ಒಂದಕ್ಕೊಂದು ತಾಕಿಸಿ ನೋಡುವ ಸದ್ದು ಡಿಪೋದ ಹಿತ್ತಿಲ ಕಡೆಯಿಂದ ಬಂತು. ಟಣ್ ಎಂದರೆ ಒಣಗಿದ್ದು, ದಬ್ ಎಂದರೆ ಹಸಿ. ಹಾಗೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಆರಿಸುವವನು ಇಡೀ ದಂಡು ಪ್ರದೇಶದಲ್ಲಿ ಒಬ್ಬನೇ, ಫ್ರೇಜರ್ ಟೌನಿನ ರೊಟ್ಟಿ ಭಟ್ಟಿಯ ಜಿಯಾವುಲ್ಲಾ ಸಾಹೇಬ. ಹಾಸಿಗೆಯ ಮೇಲೆ ಕೂತು ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಿದ್ದ ಮುನಿಕೃಷ್ಣಪ್ಪನಿಗೆ ಇವತ್ತೊಂದು ದಿನ ಆ ಮನುಷ್ಯ ಬಾರದಿದ್ದರೆ ಆಗುತ್ತಿತ್ತು ಅನಿಸಿತು. ಟಣ್. ಟಣ್. ದಬ್. ಯಾರೋ ತನ್ನನ್ನೇ ಎತ್ತಿ ಹಿಡಿದು, ಇನ್ನೊಬ್ಬ ಗಟ್ಟಿ ಮನುಷ್ಯನಿಗೆ ತಾಕಿಸಿ, ಸದ್ದು ಕೇಳಿ, ಪಕ್ಕಕ್ಕೆ ಎಸೆದ ಹಾಗೆ. ಯುದ್ಧ ನಡೆಯುತ್ತಿದ್ದಾಗ ಹಲಸೂರು ಕೆರೆಯ ಹಿಂದಿನ ಈ ಡಿಪೋಗೆ ಬೆಳಗಾಗುವ ಮೊದಲೇ ಸಿಪಾಯಿಗಳ ಅಡಿಗೆಮನೆಯ ಲಾರಿಗಳು ಬಂದು ನಿಲ್ಲುತ್ತಿದ್ದವು. ಯುದ್ಧ ಮುಗಿಯಿತು, ಸಿಪಾಯಿಗಳು ಹೋದರು, ಅವರಿಗೆಂದು ಮುಂಗಡ ಕೊಟ್ಟು ಕಡಿಸಿದ್ದ ಸೌದೆ ಮಳೆಗೆ ನೆಂದು ನಾಯಿಕೊಡೆ ಎದ್ದಿತು. ಈಗ ಬೆಳಿಗ್ಗೆ ಬರುವ ಸದ್ದು ಇದೊಂದೇ.

"ರೊಟ್ಟಿ ಸಾಯ್ಬ್ರು ಬಂದವ್ರೆ, ಏಳ್ರಿ," ಎಂದಳು ಹೆಂಡತಿ ಯಶೋದಮ್ಮ ಒಳಗಿಂದ. "ಮೊದ್ಲು ಮುದ್ದೆ ತಿನ್ನಿ. ನಿನ್ನೇದೂ ಹಂಗೇ ಬಿಟ್ಟಿದ್ರಿ."

ತಿನ್ನದೆಯೇ ಹೊರಗೆ ಬಂದ. ಜಿಯಾವುಲ್ಲಾ ಸಾಹೇಬ ಆರಿಸಿದ ಸೌದೆಯನ್ನು ಮಗುವಿನ ಬಟ್ಟೆ ಮಡಿಸಿಟ್ಟ ಹಾಗೆ ಒಪ್ಪವಾಗಿ ಜೋಡಿಸಿದ್ದ. ಬಿಳಿ ಗಡ್ಡ, ಮೊಣಕೈವರೆಗೆ ಕೂದಲು ಸುಟ್ಟು ನುಣುಪಾದ ತೋಳು.

"ಸಲಾಮ್, ಮುನಿಕೃಷ್ಣಪ್ಪನೋರೆ. ಇಷ್ಟು ತೂಕ ಹಾಕ್ಸಿ. ದುಡ್ಡು ತಂದಿದ್ದೀನಿ, ನಾಕಾಣೆ ಕಮ್ಮಿ ಬೀಳ್ತದೆ, ಸಂಜೆಗೆ ಕಳಿಸ್ತೀನಿ." ಆಮೇಲೆ ಟೋಪಿ ಸರಿಮಾಡಿಕೊಂಡು, ಪ್ರತಿ ಸಲ ಹೇಳುವ ಮಾತನ್ನು ಹೇಳಿದ: "ನಾನು ದಿವಾಳಿ ಎದ್ದಿರೋನು. ತಿಳಿದು ಕೊಡಿ."

"ಅಲ್ಲ ಸಾಯ್ಬ್ರೆ, ನಂಗೂ ಹೇಳ್ತೀರಲ್ಲ! ಕೋರ್ಟಲ್ಲಿ ನಿಮ್ಮ ಪರ ಕೈ ಎತ್ತಿದೋನು ನಾನೇ ತಾನೆ?"

"ಗೊತ್ತಿದ್ರೂ ಹೇಳ್ಬೇಕು ಜೀ. ನೀವು ದೊಡ್ಡ ಮನುಷ್ಯರು, ಮರ್ತ್‌ಬಿಟ್ರೆ?" ಎಂದು ಸಾಹೇಬ ಹಲ್ಲಿಲ್ಲದ ಒಂದು ಕಡೆಯಿಂದ ನಕ್ಕ.

ದೊಡ್ಡ ಮನುಷ್ಯರು. ಮುನಿಕೃಷ್ಣಪ್ಪ ತಕ್ಕಡಿಯ ಕಡೆ ತಿರುಗಿಕೊಂಡ. ಆ ಕೈ ಎತ್ತಿದ್ದು ಹೇಗೆಂದು ಅವನಿಗೊಬ್ಬನಿಗೇ ಗೊತ್ತು. ಯುದ್ಧದ ನಡುವೆ ಸಾಹೇಬ ಸಿಪಾಯಿಗಳಿಗೆ ಬ್ರೆಡ್ಡು ಒದಗಿಸುವ ಆಸೆಯಿಂದ ಸಾಲ ಮಾಡಿ ಎರಡನೆಯ ಭಟ್ಟಿ ಕಟ್ಟಿಸಿದ್ದ; ಕಂತ್ರಾಟು ಬೇರೆಯವರ ಪಾಲಾಯಿತು, ಮೈದಾ ರೇಷನ್ನಿಗೆ ಬಿತ್ತು, ಆ ಭಟ್ಟಿ ಒಂದು ದಿನವೂ ಉರಿಯಲಿಲ್ಲ. ಕೋರ್ಟಿನಲ್ಲಿ ಅವನಿಂದ ಹಣ ಬರಬೇಕಾದವರನ್ನೆಲ್ಲ ಕೂರಿಸಿ ಕೇಳಿದರು; ಸೌದೆಯ ಬಾಕಿಗಾಗಿ ಮುನಿಕೃಷ್ಣಪ್ಪನೂ ಅವರಲ್ಲಿದ್ದ. ಹಳೆಯ ಭಟ್ಟಿ ಉರಿಯುತ್ತಿರಲಿ, ಸಾಹೇಬ ತಿಂಗಳು ತಿಂಗಳೂ ಕೋರ್ಟಿಗೆ ಕಂತು ಕಟ್ಟಲಿ, ಕೋರ್ಟು ಅದನ್ನು ಅವರವರ ಪಾಲಿನಂತೆ ಹಂಚಲಿ, ಇದಕ್ಕೆ ಯಾರು ಯಾರು ಒಪ್ಪುತ್ತೀರಿ? ಮೈದಾ ವ್ಯಾಪಾರಿ ಎದ್ದು ನಿಂತು, ಎರಡೂ ಭಟ್ಟಿ ಒಡೆದು ಇಟ್ಟಿಗೆ ಮಾರಿ, ಇವತ್ತೇ ಲೆಕ್ಕ ಮುಗಿಸಿ ಎಂದ. ಅರ್ಧ ಜನ ಆ ಕಡೆ, ಅರ್ಧ ಜನ ಈ ಕಡೆ. ಮುನಿಕೃಷ್ಣಪ್ಪ ಕೊನೆಗೆ ಕೈ ಎತ್ತಿದ, ಅದರಿಂದಲೇ ತಕ್ಕಡಿ ಈ ಕಡೆ ಬಾಗಿತು. ಅವನ ಮನಸ್ಸಿನಲ್ಲಿ ಇದ್ದದ್ದು ಸೌದೆ ಅಷ್ಟೇ. ಭಟ್ಟಿ ಒಡೆದರೆ ಸೌದೆ ಕೊಳ್ಳುವ ಗಿರಾಕಿ ಹೋದ ಹಾಗೆ. ಆದರೆ ವರಾಂಡದಲ್ಲಿ ಸಾಹೇಬ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ನನ್ನ ಒಲೆ ಆರಿಸ್ಲಿಲ್ಲ ನೀವು" ಎಂದುಬಿಟ್ಟಿದ್ದ. ಆ ಅಂಗೈಗಳ ಒರಟು ಬಿಸಿ ಇನ್ನೂ ಕೈಗೆ ಅಂಟಿಕೊಂಡೇ ಇದೆ. ಯೋಗ್ಯತೆಯಿಲ್ಲದವನಿಗೆ ಯಾರೋ ಹೊದಿಸಿದ ಶಾಲು, ತೆಗೆಯಲೂ ಆಗದು, ಹೊದ್ದುಕೊಳ್ಳಲೂ ಆಗದು.

'ತಿಳಿದು ಕೊಡಿ' ಎಂಬ ಈ ಮಾತು ಶುರುವಾದದ್ದೂ ಆ ಕೋರ್ಟಿನಲ್ಲೇ. ಜಡ್ಜ್ ದೊರೆ ಇಂಗ್ಲಿಷಿನಲ್ಲಿ ಏನೋ ಹೇಳಿದರು, ಗುಮಾಸ್ತ ಅದನ್ನು ಕನ್ನಡಕ್ಕೆ ತಂದ: ಕಂತು ತೀರುವ ತನಕ ತನ್ನ ದಿವಾಳಿ ವಿಷಯ ತಿಳಿಸದೆ ಯಾರ ಹತ್ತಿರವೂ ಸಾಲ ಪಡೆಯಕೂಡದು. ಸಾಹೇಬ ಕೈಮುಗಿದು ಕೇಳಿದ, "ಸ್ವಾಮಿ, ಸಾಲ ಅಂದ್ರೆ ಎಷ್ಟರಿಂದ ಸಾಲ?" ಗುಮಾಸ್ತನಿಗೆ ಊಟದ ಹೊತ್ತು. "ನಂಬಿ ಕೊಟ್ಟದ್ದೆಲ್ಲ ಸಾಲವೇ ಕಣಯ್ಯಾ, ನಡಿ" ಎಂದ. ಸಾಹೇಬ ಅದನ್ನು ಜಡ್ಜ್ ದೊರೆಯ ಬಾಯಿಂದಲೇ ಬಂದ ಕಟ್ಟಳೆಯೆಂದು ತಲೆಯ ಮೇಲೆ ಹೊತ್ತುಕೊಂಡು ಮನೆಗೆ ಹೋದ. ಆಮೇಲೆ ಅವನ ವಕೀಲರೇ ಕರೆದು, ಅದು ದೊಡ್ಡ ಸಾಲಕ್ಕೆ ಮಾತ್ರ, ಎಲೆ ಅಡಿಕೆಗೆಲ್ಲ ಅಲ್ಲ ಎಂದು ಬಿಡಿಸಿ ಹೇಳಿದರು. "ದೊಡ್ಡದು ಎಲ್ಲಿಂದ ಶುರುವಾಗ್ತದೆ ವಕೀಲ್ ಸಾಬ್?" ಎಂದು ಕೇಳಿ, ಹೇಳುವುದನ್ನು ಮುಂದುವರಿಸಿದ. ಎಲೆ ಅಂಗಡಿಯಲ್ಲಿ ಹೇಳಿದ. ಕ್ಷೌರಕ್ಕೆ ಕೂತಾಗ, ಕತ್ತಿ ಗಂಟಲ ಮೇಲೆ ಇರುವಾಗಲೇ ಹೇಳಿದ. ಬೆಳಗಿನ ಬ್ರೆಡ್ಡು ತೆಗೆದ ಮೇಲೆ ಭಟ್ಟಿಯಲ್ಲಿ ಬಿಸಿ ಉಳಿದಿರುತ್ತದೆ. ಆ ಬಿಸಿಗೆ ಕೇರಿಯ ಹೆಂಗಸರು ನಾನ್‌ಖಟಾಯಿಯ ತಟ್ಟೆ, ಕ್ರಿಸ್‌ಮಸ್ಸಿನಲ್ಲಿ ಕೇಕಿನ ಡಬ್ಬಿ ತಂದಿಟ್ಟು ಹೋಗುವುದು ಅಲ್ಲಿನ ವಾಡಿಕೆ. ಒಬ್ಬೊಬ್ಬರ ತಟ್ಟೆ ಇಸಕೊಳ್ಳುವಾಗಲೂ ಹೇಳಿದ. ರಿಚರ್ಡ್ಸ್ ಟೌನಿನ ಮುದುಕಿ ಆಂಗ್ಲೋ-ಇಂಡಿಯನ್ ಮಿಸ್ಸಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು, "ಏನ್ ಮ್ಯಾನ್, ನನ್ ಕೇಕ್ ತಕೊಂಡು ಮದ್ರಾಸ್‌ಗೆ ಓಡೋಗ್ತೀಯಾ?" ಎಂದು ಕೇಳಿದಳಂತೆ. ಸಾಹೇಬ, "ಓಡಲ್ಲಮ್ಮಾ, ಆದ್ರೂ ತಿಳಿದು ಕೊಡಿ" ಎಂದನಂತೆ. ಮಗಳು ನೂರ್‌ಜಹಾನಳನ್ನು ನೋಡಲು ಬಂದ ಗಂಡಿನ ಕಡೆಯವರಿಗೂ ಶರಬತ್ತು ಕೊಡುವ ಮೊದಲೇ ಹೇಳಿದ. ಮಗನನ್ನು ನಂಬಿ ಕೊಡುವುದಕ್ಕಿಂತ ದೊಡ್ಡ ಸಾಲ ಯಾವುದು? ಅವರು ಶರಬತ್ತು ಕುಡಿದು ಹೋದರು, ಮತ್ತೆ ಬರಲಿಲ್ಲ. ಹೆಂಡತಿ ಶಂಶುನ್ನೀಸಾ ಬಹಳ ದಿನ ಅವನ ಜೊತೆ ಮಾತು ಬಿಟ್ಟಿದ್ದಳಂತೆ. ಹಲಸೂರು ಸಂತೆಯಲ್ಲಿ ಅವನಿಗೆ 'ತಿಳಿದುಕೊಡಿ ಸಾಬರು' ಎಂದು ಹೆಸರು ಬಿತ್ತು. ಸಾಹೇಬ ಟೋಪಿ ಸರಿಮಾಡಿಕೊಳ್ಳುವುದನ್ನು ಅಣಕಿಸಿ ತೋರಿಸಿ ನಾಲ್ಕು ಜನರನ್ನು ನಗಿಸಿದವರಲ್ಲಿ ಮುನಿಕೃಷ್ಣಪ್ಪನೂ ಒಬ್ಬ. ಆಗ ಅವನ ಡಿಪೋದ ಮುಂದೆ ಲಾರಿ ನಿಲ್ಲುತ್ತಿತ್ತು.

ತೂಕ ಮುಗಿದ ಮೇಲೂ ಸಾಹೇಬ ಹೋಗಲಿಲ್ಲ, ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಂಡ. ಕೇಳಬಾರದೆಂದುಕೊಂಡಿದ್ದ ಮಾತು ಮುನಿಕೃಷ್ಣಪ್ಪನ ಬಾಯಿಂದ ತಾನಾಗಿ ಜಾರಿತು.

"ನಾಚಿಕೆ ಆಗಲ್ವಾ ಸಾಯ್ಬ್ರೆ, ಹಂಗೆ ಹೇಳೋಕೆ?"

"ಆಗ್ತದೆ." ಸಾಹೇಬ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡ. "ಮೊದ್ಲು ಭಟ್ಟಿ ಕೆಲಸಕ್ಕೆ ಸೇರ್ದಾಗ ದಿನಾ ಕೈ ಸುಟ್ಕೊಳ್ತಿದ್ದೆ. ಈಗ್ಲೂ ಬೆಂಕಿ ಅಷ್ಟೇ ಸುಡ್ತದೆ. ಕೈ ಗಟ್ಟಿಯಾಗಿದೆ, ಅಷ್ಟೆ."

"ಕಂತು ಕಟ್ತಿದ್ದೀರಿ, ಸಾಕಲ್ಲ. ಬಾಯ್ಬಿಟ್ಟು ಯಾಕೆ ಹೇಳ್ಬೇಕು?"

"ನಮ್ಮಲ್ಲಿ ಹೂಳೋಕೆ ಮುಂಚೆ ಜನಾಜಾದ ಮುಂದೆ ನಿಂತು ಕೇಳ್ತಾರೆ ಜೀ, ಈ ಮಯ್ಯತ್ತಿನಿಂದ ಯಾರಿಗಾದ್ರೂ ಬರ್ಬೇಕಾದ್ದು ಇದ್ರೆ ಹೇಳಿ ಅಂತ. ಹೆಣ ಬಾಯಿ ಮುಚ್ಕೊಂಡು ಮಲಗಿರ್ತದೆ, ಮಗನೋ ಅಣ್ಣನೋ ತಲೆ ತಗ್ಗಿಸ್ಕೊಂಡು ಹೇಳ್ಬೇಕು. ನಂಗೆ ಗಂಡು ಮಗ ಇಲ್ಲ. ಅದಕ್ಕೆ ನಾನೇ ಮೊದ್ಲೇ ಹೇಳ್ಕೊಂಡು ಬರ್ತಿದ್ದೀನಿ." ಎದ್ದು ನಿಂತು, ಕೈಗಾಡಿಯ ಹಿಡಿ ಹಿಡಿದು, "ಇನ್ನು ಈ ರಂಜಾನಿಗೆ ಕೊನೇ ಕಂತು. ಆಮೇಲೆ ಹೇಳೋದು ಬಿಟ್ರೆ ಬಾಯಿ ಖಾಲಿ ಖಾಲಿ ಅನ್ನಿಸ್ತದೇನೋ," ಎಂದು ನಕ್ಕು ಹೊರಟ. ಗಾಡಿಯನ್ನು ತಾನೇ ತಳ್ಳುತ್ತಿದ್ದ. ಬಾಗಿದ ಆ ಬೆನ್ನು ಕೆರೆಯ ಏರಿ ತಿರುಗುವ ತನಕ ಮುನಿಕೃಷ್ಣಪ್ಪ ನೋಡುತ್ತ ನಿಂತ. ಬಾಗಿದ್ದು ಭಾರಕ್ಕೆ, ತಗ್ಗಿದ್ದಲ್ಲ. ಹೀಗೊಂದು ಬೆನ್ನು ತನಗೂ ಇದ್ದಿದ್ದರೆ ಎಂದುಕೊಂಡ. ಹೊಟ್ಟೆಕಿಚ್ಚು ಎನ್ನಬಹುದೇನೋ, ಆದರೆ ಅದಕ್ಕೆ ಕಹಿ ಇರಲಿಲ್ಲ.

ಒಣಗಿದ ಸೌದೆ ಅಲ್ಲಿಗೆ ಮುಗಿದಿತ್ತು. ಉಳಿದದ್ದೆಲ್ಲ ದಬ್ ಎನ್ನುವುದು. ಆಗ ಬ್ಲಾಕ್‌ಪಲ್ಲಿ ಎನ್ನುತ್ತಿದ್ದ ಶಿವಾಜಿನಗರದಲ್ಲಿ ಅವನಿಗೆ ಸಾಲ ಕೊಟ್ಟ ಸಾಹುಕಾರ ವಾರದೊಳಗೆ ಡಿಪೋಗೆ ಬೀಗ ಹಾಕಿಸುತ್ತೇನೆಂದು ಹೇಳಿ ಕಳಿಸಿದ್ದ. ಮುನಿಕೃಷ್ಣಪ್ಪ ಯಾರಿಗೂ ತಿಳಿಸದೆ ವಕೀಲರೊಬ್ಬರನ್ನು ನೋಡಿ ಬಂದಿದ್ದ. ಅವರು, ನೀವೂ ಕೋರ್ಟಿಗೆ ಅರ್ಜಿ ಹಾಕಿ, ಕಂತಿನ ಏರ್ಪಾಟಿಗೆ ಒಪ್ಪಿಸೋಣ, ಡಿಪೋ ಉಳಿಯಬಹುದು ಎಂದಿದ್ದರು. ಮನೆ ತಲುಪುವ ತನಕ ಅವನ ಕಿವಿಯಲ್ಲಿ ಸಂತೆಯ ನಗೆಯೇ ಕೇಳುತ್ತಿತ್ತು. ಆ ನಗೆಯ ರುಚಿ ಅವನಿಗೆ ಚೆನ್ನಾಗಿ ಗೊತ್ತು, ಅದನ್ನು ಬಡಿಸಿದವನೇ ಅವನು. ಅದಕ್ಕಿಂತ ಸುಲಭದ ದಾರಿ ಇನ್ನೊಂದಿತ್ತು. ಕೃಷ್ಣರಾಜಪುರದ ಆಚೆಯ ಹಳ್ಳಿಯಲ್ಲಿ ಮುನಿವೆಂಕಟಮ್ಮನ ಸರ್ವೆ ತೋಪು ಕಡಿಯಲು ಬಂದಿದೆ. ಬಳಗದವಳು, ಹಿಂದೆ ಎರಡು ಸಲ ಬರಿಯ ಮಾತಿನ ಮೇಲೆ ಮರ ಕೊಟ್ಟವಳು. ಮರ ಮಾರಿ ಹಣ ತಂದುಕೊಡು ಎಂದಷ್ಟೇ ಹೇಳುತ್ತಾಳೆ. ತೋಪು ಕಡಿದು, ಮಾರಿ, ಸಾಹುಕಾರನ ಬಾಯಿಗೆ ಹಾಕುವುದು. ಆಮೇಲೆ? ಆ 'ಆಮೇಲೆ' ಎಂಬಲ್ಲಿಗೆ ಬಂದೊಡನೆ ಅವನ ಯೋಚನೆ ಕಣ್ಣು ಕಟ್ಟಿದ ಎತ್ತಿನ ಹಾಗೆ ಮತ್ತೆ ಮೊದಲಿನಿಂದ ಸುತ್ತುತ್ತಿತ್ತು.

ಅದೇ ಬೆಳಿಗ್ಗೆ ತೋಪಿಗೆ ಹೋಗಲು ಗಾಡಿ ಹೊಡೆಯುವ ಚಿನ್ನಪ್ಪ ಹಳೆ ಮದ್ರಾಸ್ ರಸ್ತೆಗೆ ಎತ್ತು ತಿರುಗಿಸಿದ. ಗಾಡಿಯ ಹಿಂದೆ ಕೊಡಲಿಯವರಿಬ್ಬರು ಕಾಲು ಇಳಿಬಿಟ್ಟು ಕೂತಿದ್ದರು. ಬಿಸಿಲು ಏರುತ್ತಿತ್ತು. ರಸ್ತೆಯ ಎರಡೂ ಕಡೆ ಸಿಪಾಯಿಗಳು ಬಿಟ್ಟು ಹೋದ ಗುಡಾರಗಳ ಜಾಗದಲ್ಲಿ ಒಲೆಯ ಕಲ್ಲುಗಳು ಮೂರು ಮೂರಾಗಿ ಹಾಗೆಯೇ ಉಳಿದಿದ್ದವು, ಮಸಿ ಕೂಡ ಮಾಸಿರಲಿಲ್ಲ. ಆ ಒಲೆಗಳಿಗೆಲ್ಲ ತಾನೇ ಸೌದೆ ಹಾಕಿದ್ದು. ಅಷ್ಟು ಬೆಂಕಿ ಎಲ್ಲಿಗೆ ಹೋಯಿತು?

"ಯಜಮಾನ್ರೇ," ಎಂದ ಚಿನ್ನಪ್ಪ ತಿರುಗದೆಯೇ, "ಎತ್ತಿಗಿಂತ ಜಾಸ್ತಿ ನೀವೇ ಉಸಿರು ಬಿಡ್ತಿದ್ದೀರಲ್ಲ. ಇಳ್ದು ನೊಗಕ್ಕೆ ಕಟ್ಲಾ?"

"ಸುಮ್ನೆ ಹೊಡಿಯೋ."

"ಸುಮ್ನೇ ಹೊಡೀತಿದ್ದೀನಿ. ಕೂಲಿ ಬಂದ್ರೆ ಮಾತಾಡ್ಕೊಂಡು ಹೊಡೀತೀನಿ," ಎಂದ ಚಿನ್ನಪ್ಪ. ಹಿಂದೆ ಕೂತವರು ನಕ್ಕರು. ಹಿಂದೆ ಅವರು ಹೀಗೆ ತನ್ನೆದುರು ನಗುತ್ತಿರಲಿಲ್ಲ. ಅಥವಾ ನಗುತ್ತಿದ್ದರೇನೋ, ಲಾರಿಗಳ ಸದ್ದಿನಲ್ಲಿ ತನಗೆ ಕೇಳಿಸಿರಲಿಲ್ಲ. ಇವರಿಗೆ ಎಷ್ಟು ಗೊತ್ತಿದೆ? ಗೊತ್ತಿದ್ದೂ ಕೇಳದೆ ಇರುವುದು ಮರ್ಯಾದೆಯೋ, ಕನಿಕರವೋ? ಸಾಹೇಬನಿಗೆ ಈ ಲೆಕ್ಕಾಚಾರವೇ ಇಲ್ಲ ಎಂದು ಅವನಿಗೆ ಥಟ್ಟನೆ ಹೊಳೆಯಿತು. ಎದುರಿಗಿರುವವನಿಗೆ ಎಷ್ಟು ಗೊತ್ತು ಎಂದು ಊಹಿಸುತ್ತ, ಅವನ ಹುಬ್ಬು ಏರಿತೇ ಇಳಿಯಿತೇ ಎಂದು ನೋಡುತ್ತ ಕೂರಬೇಕಾಗಿಲ್ಲ. ಆ ಮನುಷ್ಯ ಮುದ್ದೆ ತಿಂದು, ನಿದ್ದೆ ಮಾಡಿ, ಬೆಳಿಗ್ಗೆ ಎದ್ದು ಸೌದೆಯ ಸದ್ದು ಕೇಳುತ್ತಾನೆ. ಅಷ್ಟು ಹೇಳುವುದರಲ್ಲಿ ಅಷ್ಟು ಜಾಗ ಖಾಲಿಯಾಗುತ್ತದೆಯೇ? ನಾಲಿಗೆಯ ತುದಿಯಲ್ಲಿ ಆ ಮಾತನ್ನು ಸದ್ದಿಲ್ಲದೆ ಆಡಿ ನೋಡಿದ. ನಾನು ದಿವಾಳಿ. ಅಲ್ಲಿಗೇ ನಿಲ್ಲಿಸಿ ಅಂಗೈಯಿಂದ ಮುಖ ಒರೆಸಿಕೊಂಡ.

ಮುನಿವೆಂಕಟಮ್ಮ ತೋಪಿನ ಅಂಚಿನಲ್ಲೇ ಕಾಯುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಯಲ್ಲಿ ಕೊಡಲಿ. ಅವಳ ಹಿಂದೆ ಸರ್ವೆ ಮರಗಳು ಒಂದೇ ಎತ್ತರಕ್ಕೆ, ಗಾಳಿಗೆ ದೂರದ ಸಂತೆಯ ಹಾಗೆ ಗುಜುಗುಜು ಎನ್ನುತ್ತಿದ್ದವು. ಗಂಡ ಬದುಕಿದ್ದಾಗ ಇಬ್ಬರೂ ಕೊಡದಲ್ಲಿ ನೀರು ಹೊತ್ತು ಎಬ್ಬಿಸಿದ ಗಿಡಗಳು.

"ಬಾಪ್ಪಾ ಮುನಿಕೃಷ್ಣ. ಏನು ಅಂಗೆ ಸೊರಗಿದ್ದೀಯ? ಯಶೋದ ಚೆನ್ನಾಗವ್ಳಾ?"

"ಚೆನ್ನಾಗವ್ಳೆ ಅಕ್ಕಯ್ಯ."

"ನೋಡು, ಈ ಸಲ ಮಳೆಗಾಲಕ್ಕೆ ಮುಂಚೆ ಮನೆಗೆ ಎಂಚು ಒದಿಸ್ಬೇಕು. ಉಲ್ಲು ಸೋರಿ ಸೋರಿ ನಾನು ಒಳಗಡೇನೇ ಮಳೆಗೊರಗ ಆಕ್ಕೊಂಡು ಮಲಗೋ ಅಂಗಾಗದೆ. ಎಂಚಿನೋನಿಗೆ ಏಳಿಟ್ಟಿದ್ದೀನಿ, ಮುನಿಕೃಷ್ಣ ಬಂದು ಕಡಿದ್ಮೇಲೆ ಕೊಡ್ತೀನಿ ಅಂತ. ನಿನ್ನ ಎಸ್ರು ಏಳಿದ್ಕೇ ಒಪ್ಪಿದ." ಮೊದಲ ಮರದ ಬುಡದಲ್ಲಿ ಎಲೆ ಅಡಿಕೆ ಇಟ್ಟು, ಅರಿಸಿನ ಕುಂಕುಮ ಹಚ್ಚಿದ್ದಳು. ತೋಪು ಮಾರುವವರು ಕೊಡಲಿಯ ಹಿಡಿಯನ್ನು ಕೊಳ್ಳುವವನ ಕೈಗೆ ಕೊಡಬೇಕು. ಅವನು ಮೊದಲ ಏಟು ಹಾಕಿದನೆಂದರೆ ಅಲ್ಲಿಂದ ಮರ ಅವನದು. ಆ ಕಡೆಯವರಲ್ಲಿ ಅದೇ ಸಹಿ, ಅದೇ ಸಾಕ್ಷಿ. ಮುನಿವೆಂಕಟಮ್ಮ ಕೊಡಲಿಯ ಅಲುಗನ್ನು ತನ್ನ ಕಡೆ ತಿರುಗಿಸಿ ಹಿಡಿ ಚಾಚಿದಳು.

ಅಲುಗು ಅವಳ ಹೊಟ್ಟೆಯ ಕಡೆಗಿತ್ತು. ಎಲ್ಲರೂ ಹಾಗೆಯೇ ಕೊಡುತ್ತಾರೆ, ಹಿಂದೆ ಎರಡು ಸಲ ಇವಳೂ ಹಾಗೆಯೇ ಕೊಟ್ಟಿದ್ದಳು, ಅವನು ಗಮನಿಸಿರಲಿಲ್ಲ. ಹಿಡಿಯ ಮೇಲೆ ಅವಳ ಬೆರಳು ಹಿಡಿದಿದ್ದ ಕಡೆ ಬೆವರಿನ ತೇವ ಕಾಣುತ್ತಿತ್ತು. ಚಿನ್ನಪ್ಪ ಎತ್ತು ಬಿಚ್ಚುವುದನ್ನು ನಿಲ್ಲಿಸಿ ನೋಡುತ್ತಿದ್ದ. ಕೊಡಲಿಯವರು ಪಂಚೆ ಎತ್ತಿ ಕಟ್ಟಿಕೊಳ್ಳುತ್ತಿದ್ದರು. ಈಗ ಕೈ ಚಾಚಿದರೆ ಸಾಕು, ಏನೂ ಹೇಳಬೇಕಾಗಿಲ್ಲ, ಸುಮ್ಮನಿದ್ದರೆ ಅದು ಸುಳ್ಳೂ ಅಲ್ಲ. ಅವನ ಬಲಗೈ ತಾನಾಗಿ ಎದ್ದಿತು, ಕೊಡಲಿಯ ಕಡೆ ಹೋಗದೆ ತಲೆಯ ಕಡೆ ಹೋಯಿತು. ರುಮಾಲು ಸರಿಮಾಡಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಗೊತ್ತಾದದ್ದು ಆಮೇಲೆ. ಸಂತೆಯಲ್ಲಿ ಅಣಕಿಸಿ ತೋರಿಸಿದ್ದ ಅದೇ ಸನ್ನೆ.

"ಅಕ್ಕಯ್ಯ," ಎಂದ. "ನಾನು ದಿವಾಳಿ ಎದ್ದಿರೋನು. ಡಿಪೋಗೆ ಬೀಗ ಬೀಳೋದ್ರಲ್ಲಿ ಅದೆ. ತಿಳಿದು ಕೊಡು."

ಗಾಳಿ ನಿಂತಿರಲಿಲ್ಲ, ಮರಗಳು ಮೊದಲಿನ ಹಾಗೆಯೇ ಗುಜುಗುಜು ಎನ್ನುತ್ತಿದ್ದವು. ಮುನಿವೆಂಕಟಮ್ಮ ಚಾಚಿದ ಕೊಡಲಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಅದು ಅವಳ ಕಾಲ ಪಕ್ಕದಲ್ಲಿ ನೆಲಕ್ಕೆ ಊರಿದ ಸದ್ದು ಅವನ ಎದೆಯಲ್ಲಿ ಕೇಳಿತು. ನಾಲಿಗೆ ನಿಜವಾಗಿಯೂ ಸುಟ್ಟ ಹಾಗಿತ್ತು. ಸಾಹೇಬ ಉತ್ಪ್ರೇಕ್ಷೆ ಮಾಡಿರಲಿಲ್ಲ. ಈ ಉರಿಯನ್ನು ಆ ಮುದುಕ ಎಲೆ ಅಂಗಡಿಯಲ್ಲಿ, ಕ್ಷೌರದ ಕಲ್ಲಿನ ಮೇಲೆ, ಮಗಳನ್ನು ನೋಡಲು ಬಂದವರ ಮುಂದೆ, ದಿನಕ್ಕೆ ಎಷ್ಟು ಸಲ ನುಂಗಿದನೋ. ನಕ್ಕವರೆಲ್ಲ ಅದನ್ನು ಹುಚ್ಚು ಎಂದುಕೊಂಡರು. ಅದು ಕಸುಬಿನಷ್ಟೇ ಗಟ್ಟಿ ಕೆಲಸ, ಭಟ್ಟಿಯ ಬಾಯಿಗೆ ದಿನವೂ ಕೈ ಹಾಕುವಂಥದು.

"ಯಾರಿಗೆ ಕೊಡ್ಬೇಕು?" ಎಂದು ಕೇಳಿದಳು ಮುನಿವೆಂಕಟಮ್ಮ.

"ಶಾನೆ ಜನಕ್ಕೆ. ಈ ಚಿನ್ನಪ್ಪನಿಗೂ ಕೊಡ್ಬೇಕು."

"ಓಡೋಗ್ತೀಯಾ?"

"ಇಲ್ಲ. ಕೋರ್ಟಿಗೆ ಹೋಗ್ತೀನಿ. ಅವ್ರು ಕಂತು ಮಾಡಿ ಕೊಟ್ರೆ ಕಟ್ಕೊಂಡು ಹೋಗೋದು. ನಮ್ಮ ರೊಟ್ಟಿ ಸಾಯ್ಬ್ರು ಒಬ್ರು ಹಂಗೇ ಕಟ್ತಾವ್ರೆ. ಮುಗಿಯಕ್ಕೆ ಬಂತು."

ಅವಳು ತಿರುಗಿ ತನ್ನ ತೋಪನ್ನು ಬಹಳ ಹೊತ್ತು ನೋಡಿದಳು. ಸೋರುವ ಮನೆಯನ್ನು ನೋಡುತ್ತಿದ್ದಾಳೆಯೇ, ನೀರು ಹೊತ್ತ ಗಂಡನನ್ನು ನೋಡುತ್ತಿದ್ದಾಳೆಯೇ, ಮುಖದಿಂದ ಏನೂ ತಿಳಿಯಲಿಲ್ಲ. ಬೈಯಲಿ ಎಂದು ಮುನಿಕೃಷ್ಣಪ್ಪ ಬಯಸಿದ. ಮಣ್ಣು ತೂರಲಿ. ಬರಿಗೈಯಲ್ಲಿ ಕಳಿಸಲಿ, ಅದು ನ್ಯಾಯವೇ. ಅವಳು ನಾಲ್ಕು ಹೆಜ್ಜೆ ನಡೆದು, ತೋಪಿನ ನಡುವಿನ ಕಾಲುದಾರಿಯಲ್ಲಿ ನಿಂತು ಕೊಡಲಿಯಿಂದ ನೆಲದ ಮೇಲೆ ಗೀಟು ಎಳೆದಳು.

"ಈ ಕಡೆ ಅರ್ಧ ಕಡಿ. ಆ ಕಡೆದು ಇರ್ಲಿ. ಇದ್ರ ದುಡ್ಡು ತಂದು ನನ್ನ ಕೈಗಿಟ್ಟ ಮೇಲೆ ಅದ್ರ ಮಾತು. ಮನೆಗೂ ಅರ್ಧಕ್ಕೇ ಎಂಚಾಕ್ಸ್ತೀನಿ, ಒಲೆ ಇರೋ ಕಡೆ." ಮತ್ತೆ ಕೊಡಲಿಯ ಅಲುಗನ್ನು ತನ್ನ ಕಡೆ ತಿರುಗಿಸಿಕೊಂಡು ಹಿಡಿ ಚಾಚಿದಳು. "ಸುಮ್ನೆ ತಕ್ಕೊಂಡು ಓಗಿದ್ದಿದ್ರೆ ಎಲ್ಲಾ ಕೊಟ್ಬಿಡ್ತಿದ್ದೆ. ಇಡ್ಕೋ."

ಅವನು ಹಿಡಿದ. ಮೊದಲ ಏಟು ಬಿತ್ತು. ಹಸಿ ಮರ, ದಬ್ ಎಂದಿತು. ಒಣಗಲು ಇನ್ನೂ ಬಿಸಿಲು ಬೇಕು, ದಿನ ಬೇಕು. ಕೊಡಲಿಯವರು ಬಂದು ಅವನ ಕೈಯಿಂದ ಕೆಲಸ ತೆಗೆದುಕೊಂಡರು. ಚಿನ್ನಪ್ಪ ಎತ್ತುಗಳನ್ನು ನೆರಳಿಗೆ ಕಟ್ಟಿ ಹತ್ತಿರ ಬಂದ. "ಯಜಮಾನ್ರೇ, ಕೋರ್ಟಲ್ಲಿ ನನ್ನ ಎಸ್ರೂ ಬರೆಸ್ತೀರಾ?"

"ಬರೆಸ್ತೀನಿ."

"ಅಂಗಾದ್ರೆ ನಾನೂ ಕೈ ಎತ್ಬೌದಾ?"

"ಎತ್ಬೌದು. ಇಷ್ಟ ಇದ್ರೆ."

"ಎತ್ತಿನ ಕೈಲೂ ಎತ್ತಿಸ್ಲಾ?" ಎಂದು ಚಿನ್ನಪ್ಪ ತಾನೇ ಮೊದಲು ನಕ್ಕ. ಮುನಿಕೃಷ್ಣಪ್ಪನಿಗೂ ನಗೆ ಬಂತು. ಈ ನಗೆ ತನ್ನ ಮೇಲೆಯೇ ಆದರೂ ಚುಚ್ಚಲಿಲ್ಲ.

ಬಿಸಿಲು ನೆತ್ತಿಗೆ ಬಂದಾಗ ಮುನಿವೆಂಕಟಮ್ಮ ಎಲ್ಲರಿಗೂ ಮಜ್ಜಿಗೆ ತಂದಳು. ಅವನೆದುರು ಲೋಟ ಹಿಡಿದು ನಿಂತಳು. ಮುನಿಕೃಷ್ಣಪ್ಪ ಎರಡು ದಿನದಿಂದ ಸರಿಯಾಗಿ ಏನೂ ತಿಂದಿರಲಿಲ್ಲ; ಲೋಟ ನೋಡಿದೊಡನೆ ಹೊಟ್ಟೆ ಎಚ್ಚರವಾಯಿತು. ಕೈ ಮೆಲ್ಲಗೆ ರುಮಾಲಿನ ಕಡೆ ಏರುತ್ತಿತ್ತು, ಬಾಯಿ ತೆರೆದಿತ್ತು.

"ಮಜ್ಜಿಗೇಗೆಲ್ಲ ಆ ಮಾತು ಏಳ್ಬೇಡ ಕಣಪ್ಪ," ಎಂದಳು ಅವಳು. "ಕುಡಿ."